ಒಂದು ಅಗುಳು, ಹಲವು ಒಲೆ

1992ರಲ್ಲಿ ತಮಿಳುನಾಡು ಸರ್ಕಾರ ಸೇಲಂ ಜಿಲ್ಲೆಯಲ್ಲಿ ಖಾಲಿ ತೊಟ್ಟಿಲುಗಳನ್ನು ಇಡಿಸಿತು. ಹೆಣ್ಣು ಮಗು ಬೇಡವೆನಿಸಿದರೆ ಜೀವ ತೆಗೆಯಬೇಡಿ, ಇಲ್ಲಿ ಮಲಗಿಸಿ ಹೋಗಿ, ಸರ್ಕಾರ ಸಾಕುತ್ತದೆ ಎಂದು ಆ ತೊಟ್ಟಿಲುಗಳು ಬೇಡಿಕೊಳ್ಳುತ್ತಿದ್ದವು. ಹಿಂದಿನ ವರ್ಷದ ಜನಗಣತಿಯಲ್ಲಿ ಆರು ವರ್ಷದವರೆಗಿನ ಸಾವಿರ ಗಂಡು ಮಕ್ಕಳಿಗೆ ಈ ಜಿಲ್ಲೆಯಲ್ಲಿ ಸಿಕ್ಕ ಹೆಣ್ಣು ಮಕ್ಕಳು 849. ಇಡೀ ತಮಿಳುನಾಡಿನ ಸರಾಸರಿ 948. ರಾಜ್ಯದ ಅಂಕಿಯನ್ನಷ್ಟೇ ನೋಡಿದವರಿಗೆ ಏನೂ ಕೆಟ್ಟಂತೆ ಕಾಣುತ್ತಿರಲಿಲ್ಲ. ಜಿಲ್ಲೆಯ ಅಂಕಿ ಬಿಡಿಯಾಗಿ ಕೈಗೆ ಬಂದಾಗ ಎದೆ ಝಲ್ಲೆಂದಿತು.

ಅದೇ 1992–93ರಲ್ಲಿ ದೇಶದ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಅದು ತಮಿಳುನಾಡಿನ ಬಗ್ಗೆ ಬಹಳಷ್ಟನ್ನು ಹೇಳಿತು. ಆದರೆ ಸೇಲಂ ಅದರಲ್ಲಿ ಪ್ರತ್ಯೇಕವಾಗಿ ಕಾಣಲಿಲ್ಲ, ಧರ್ಮಪುರಿಯೂ ಕಾಣಲಿಲ್ಲ. ರಾಜ್ಯಕ್ಕೆ ಒಂದೇ ಅಂಕಿ ಕೊಡುವಂತೆ ಅದನ್ನು ಹೆಣೆಯಲಾಗಿತ್ತು. ರಾಷ್ಟ್ರೀಯ ಸಮೀಕ್ಷೆಯನ್ನು ನಂಬಿ ಒಂದು ಜಿಲ್ಲೆಯ ಆರೋಗ್ಯ ಯೋಜನೆಯನ್ನು ಎಷ್ಟರ ಮಟ್ಟಿಗೆ ಮಾಡಬಹುದು? ಎಲ್ಲಿ ಅದನ್ನು ಬಿಟ್ಟು ಬೇರೆ ಪುಸ್ತಕ ತೆರೆಯಬೇಕು? ಈ ಪ್ರಶ್ನೆಗೆ ಕಳೆದ ಮೂವತ್ತು ವರ್ಷಗಳಲ್ಲಿ ಸೇಲಂ, ಧರ್ಮಪುರಿಗಳು ಕೊಟ್ಟಷ್ಟು ಸ್ಪಷ್ಟ ಉತ್ತರವನ್ನು ಕೊಟ್ಟ ಜಿಲ್ಲೆಗಳು ವಿರಳ.

ಕನ್ನಡಿಗರಿಗೆ ಇದು ದೂರದ ಊರಿನ ಮಾತಲ್ಲ. ಸೇಲಂ ನಗರದ ಮಗ್ಗದ ಮನೆಗಳಲ್ಲಿ ಇಂದಿಗೂ ಕನ್ನಡ ಆಡುವ ದೇವಾಂಗ ಕುಟುಂಬಗಳಿವೆ. ಧರ್ಮಪುರಿಯ ಹೊಗೇನಕಲ್ಲಿನ ಹೆಸರೇ ಕನ್ನಡ. ಕಾವೇರಿಯ ಆಚೆ ದಡ ಚಾಮರಾಜನಗರ ಜಿಲ್ಲೆ. 1965ರವರೆಗೆ ಧರ್ಮಪುರಿ ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಗಡಿಗಳು ಹೀಗೆ ಸರಿದಾಡುತ್ತಲೇ ಬಂದಿರುವುದರಿಂದ ಹಳೆಯ ಅಂಕಿಯನ್ನು ಹೊಸದರ ಪಕ್ಕ ಇಡುವಾಗಲೂ ಎಚ್ಚರ ಬೇಕು.

ಯಾವ ಸಮೀಕ್ಷೆ, ಯಾವ ಕೆಲಸಕ್ಕೆ

ನಮ್ಮ ದೇಶದಲ್ಲಿ ಆರೋಗ್ಯದ ಅಂಕಿ ಹಲವು ಬಾಗಿಲುಗಳಿಂದ ಬರುತ್ತದೆ. ಹತ್ತು ವರ್ಷಕ್ಕೊಮ್ಮೆ ಎಲ್ಲರನ್ನೂ ಎಣಿಸುವುದು ಜನಗಣತಿ. ಆಯ್ದ ಹಳ್ಳಿ, ವಾರ್ಡುಗಳಲ್ಲಿ ಹುಟ್ಟು ಸಾವುಗಳನ್ನು ವರ್ಷವಿಡೀ ಬರೆದಿಡುವುದು 1970ರ ಆಸುಪಾಸಿನಲ್ಲಿ ಆರಂಭವಾದ ಮಾದರಿ ನೋಂದಣಿ ವ್ಯವಸ್ಥೆ. ಆಸ್ಪತ್ರೆಗೆ ಜನ ಎಷ್ಟು ದುಡ್ಡು ಸುರಿಯುತ್ತಾರೆ ಎಂಬುದನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆ ಆಗಾಗ ಕೇಳುತ್ತದೆ. ಇವುಗಳ ನಡುವೆ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ಕುಟುಂಬ ಆರೋಗ್ಯ ಸಮೀಕ್ಷೆಗೆ ದೊಡ್ಡ ಸ್ಥಾನ. 1998–99, 2005–06, 2015–16, 2019–21 ಹೀಗೆ ಅದರ ಸುತ್ತುಗಳು ಬಂದವು. ಜಿಲ್ಲೆಗೊಂದು ಅಂಕಿ ಅದರಿಂದ ಸಿಗತೊಡಗಿದ್ದು ನಾಲ್ಕನೆಯ ಸುತ್ತಿನಿಂದ. ಅದಕ್ಕೆ ಮೊದಲು ಜಿಲ್ಲೆಗಳಿಗೆಂದೇ ಬೇರೊಂದು ಸಮೀಕ್ಷೆಯನ್ನು 1998ರಿಂದ ನಡೆಸಲಾಗುತ್ತಿತ್ತು.

ಸಮೀಕ್ಷಕರು ಮನೆಗೆ ಬಂದಾಗ ಆಗುವುದನ್ನು ಹತ್ತಿರದಿಂದ ನೋಡಿದರೆ ಈ ಅಂಕಿಗಳ ಬಗ್ಗೆ ಗೌರವ ಹೆಚ್ಚುತ್ತದೆ. ಆಯ್ಕೆಯಾದ ಹಳ್ಳಿಯಲ್ಲಿ ಮೊದಲು ಎಲ್ಲ ಮನೆಗಳ ಪಟ್ಟಿ ಮಾಡಿ ನಕ್ಷೆ ಬರೆಯುತ್ತಾರೆ. ಆ ಪಟ್ಟಿಯಿಂದ 22 ಮನೆಗಳನ್ನು ಲೆಕ್ಕಾಚಾರದ ಪ್ರಕಾರ ಆರಿಸುತ್ತಾರೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ, ಮತ್ತೆ ಅದೇ ಮನೆಗೆ ಬರಬೇಕು. ಹೆಂಗಸಿನ ಜೊತೆ ಮಾತು ಆರಂಭವಾದರೆ ಮದುವೆ, ಬಸಿರು, ಬಾಣಂತನ, ಸತ್ತ ಮಕ್ಕಳು, ಗಂಡನ ಹೊಡೆತದವರೆಗೂ ಪ್ರಶ್ನೆಗಳಿರುತ್ತವೆ. ಅಡುಗೆಮನೆಯಿಂದ ಚಿಟಿಕೆ ಉಪ್ಪು ತರಿಸಿ ಅದಕ್ಕೆ ಅಯೋಡಿನ್ ಪರೀಕ್ಷೆ ಮಾಡುತ್ತಾರೆ. ಎರಡು ವರ್ಷದೊಳಗಿನ ಮಗುವನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, ತಲೆ ಒಬ್ಬರು ಕಾಲು ಒಬ್ಬರು ಹಿಡಿದು, ಉದ್ದ ಅಳೆಯುತ್ತಾರೆ. ಐದನೆಯ ಸುತ್ತಿನವರೆಗೆ ಬೆರಳು ಚುಚ್ಚಿ ಮೊದಲ ಹನಿಗಳನ್ನು ಒರೆಸಿ ಹಾಕುತ್ತಿದ್ದರು. ಆಮೇಲೆ ಬಂದ ಹನಿಯನ್ನು ಪುಟ್ಟ ಯಂತ್ರಕ್ಕೆ ಕೊಟ್ಟರೆ ಹಿಮೋಗ್ಲೋಬಿನ್ ಎಷ್ಟೆಂದು ತೋರುತ್ತಿತ್ತು. ಈ ಶ್ರಮವೆಲ್ಲ ಕೂಡಿ ಒಂದು ಶೇಕಡಾವಾರು ಅಂಕಿಯಾಗುತ್ತದೆ.

ಐದನೆಯ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳ 6,36,699 ಮನೆಗಳನ್ನು ಹೀಗೆ ಮಾತಾಡಿಸಲಾಯಿತು. ತಮಿಳುನಾಡಿನ ಪಾಲಿಗೆ ಬಂದದ್ದು 27,929 ಮನೆ. ಅಲ್ಲಿನ ಕ್ಷೇತ್ರಕಾರ್ಯ 2020ರ ಜನವರಿಯಲ್ಲಿ ಆರಂಭವಾಗಿ, ಕೊರೊನಾ ಲಾಕ್‌ಡೌನ್‌ಗೆ ನಿಂತು, ವರ್ಷದ ಕೊನೆಗೆ ಮತ್ತೆ ಹಿಡಿದು, 2021ರ ಮಾರ್ಚ್‌ನಲ್ಲಿ ಮುಗಿಯಿತು.

ಒಂದು ಅಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ನೋಡಲು ಇಡೀ ಪಾತ್ರೆಯನ್ನು ಮಗುಚಬೇಕಿಲ್ಲ, ಒಂದು ಅಗುಳು ಹಿಚುಕಿದರೆ ಸಾಕು. ಮಾದರಿ ಸಮೀಕ್ಷೆಯ ತತ್ವವೆಲ್ಲ ಈ ಮಾತಿನಲ್ಲಿದೆ. ಪಾತ್ರೆ ಒಂದೇ, ಉರಿ ಒಂದೇ ಆಗಿದ್ದರೆ ಅಗುಳು ಸುಳ್ಳು ಹೇಳುವುದಿಲ್ಲ. ಹಲವು ಒಲೆಗಳ ಮೇಲೆ ಹಲವು ಪಾತ್ರೆಗಳಿದ್ದಾಗ, ಎಷ್ಟು ಅಗುಳು, ಯಾವ ಪಾತ್ರೆಯದು ಎಂಬ ಪ್ರಶ್ನೆ ಏಳುತ್ತದೆ.

ತಮಿಳುನಾಡಿನ 27,929 ಮನೆಗಳನ್ನು ಸಮೀಕ್ಷೆ ಗಣಿಸಿದ 32 ಜಿಲ್ಲೆಗಳಿಗೆ ಹಂಚಿದರೆ ಸರಾಸರಿ ಒಂದು ಜಿಲ್ಲೆಗೆ 870ರಷ್ಟು. 2011ರ ಜನಗಣತಿಯಂತೆ ಸೇಲಂನಲ್ಲಿ ಸುಮಾರು 35 ಲಕ್ಷ ಜನ, ಧರ್ಮಪುರಿಯಲ್ಲಿ 15 ಲಕ್ಷ. ಇಷ್ಟು ಮನೆಗಳಿಂದ ಬರುವ ಎಷ್ಟೋ ಅಂಕಿಗಳು ಗಟ್ಟಿಯಾಗಿಯೇ ಇರುತ್ತವೆ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೇ, ಹೆರಿಗೆ ಆಸ್ಪತ್ರೆಯಲ್ಲಾಗುತ್ತಿದೆಯೇ, ಮನೆಯಲ್ಲಿ ಶೌಚಾಲಯವಿದೆಯೇ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸುವವರ ಸಂಖ್ಯೆ ದೊಡ್ಡದು.

ಹುಟ್ಟಿದ ಮಕ್ಕಳ ಲಿಂಗಾನುಪಾತದ ಪಾಡು ಬೇರೆ. 870 ಮನೆಗಳಲ್ಲಿ ಐದು ವರ್ಷಕ್ಕೆ ಹೆಚ್ಚೆಂದರೆ 250 ಮಕ್ಕಳು ಹುಟ್ಟಿರುತ್ತಾರೆ ಎನ್ನೋಣ. ನಿಜವಾದ ಅನುಪಾತ ಸಾವಿರಕ್ಕೆ 930 ಇದ್ದರೂ, ಇಷ್ಟು ಚಿಕ್ಕ ಮಾದರಿಯಲ್ಲಿ ಕೇವಲ ಆಕಸ್ಮಿಕವಾಗಿ 720ರಿಂದ 1,190ರವರೆಗೆ ಯಾವ ಅಂಕಿ ಬೇಕಾದರೂ ಬರಬಹುದು. ಒಂದು ಸುತ್ತಿನಲ್ಲಿ 800, ಮುಂದಿನದರಲ್ಲಿ 1,000 ಬಂದರೆ ಜಿಲ್ಲೆ ಸುಧಾರಿಸಿತೆಂದು ಸನ್ಮಾನ ಮಾಡುವುದೂ ತಪ್ಪು, ಉಲ್ಟಾ ಬಂದರೆ ಅಧಿಕಾರಿಯನ್ನು ಗದರಿಸುವುದೂ ತಪ್ಪು. ಇಡೀ ತಮಿಳುನಾಡಿನ ಮಟ್ಟದಲ್ಲೇ ಈ ಅನುಪಾತ 2015–16ರಲ್ಲಿ 954 ಇದ್ದದ್ದು 2019–21ರಲ್ಲಿ 878ಕ್ಕೆ ಇಳಿಯಿತು. ಅದು ಕಿವಿಗೊಡಬೇಕಾದ ಎಚ್ಚರಿಕೆ. ಆದರೆ ಯಾವ ತಾಲ್ಲೂಕಿಗೆ ಜೀಪು ಹೊರಡಬೇಕು ಎಂಬುದನ್ನು ಅದು ಹೇಳಲಾರದು. ಸೇಲಂ ಜಿಲ್ಲೆಯಲ್ಲಿ ಐದು ವರ್ಷಕ್ಕೆ ಹುಟ್ಟುವ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು. ಆ ಪ್ರತಿಯೊಂದು ಹುಟ್ಟೂ ಯಾವುದಾದರೊಂದು ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಜೀಪಿನ ದಾರಿ ಇರುವುದು ಆ ಪುಸ್ತಕದಲ್ಲಿ.

‘ಸಾಮಾಜಿಕ ಕಾರಣ’

ಆ ಪುಸ್ತಕವನ್ನು ತೆರೆದು ನೋಡಿದವರಿದ್ದರು. ತಮಿಳುನಾಡಿನ ಐಎಎಸ್ ಅಧಿಕಾರಿ ಶೀಲಾ ರಾಣಿ ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವೆಂಕಟೇಶ್ ಆತ್ರೇಯ 1995ರ ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ಜಿಲ್ಲಾವಾರು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಅವರ ತರ್ಕ ಸರಳ. ಪ್ರಕೃತಿಯ ನಿಯಮದಂತೆ ಹುಟ್ಟಿದ ಮೊದಲ ದಿನಗಳಲ್ಲಿ ಗಂಡು ಶಿಶುಗಳೇ ಹೆಚ್ಚು ಸಾಯುತ್ತವೆ. ಹೆಣ್ಣು ಶಿಶುವಿನ ಜೀವ ಗಟ್ಟಿ. ಎಲ್ಲಿ ಇದು ತಲೆಕೆಳಗಾಗಿದೆಯೋ ಅಲ್ಲಿ ಪ್ರಕೃತಿಯದಲ್ಲದ ಕೈ ಕೆಲಸ ಮಾಡಿದೆ. ಸೇಲಂ, ಧರ್ಮಪುರಿ, ಮಧುರೈ ಕಡೆಯ ದಾಖಲೆಗಳಲ್ಲಿ ಆ ಕೈ ಎದ್ದು ಕಂಡಿತು. ರಾಜ್ಯದಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಹೆಣ್ಣು ಶಿಶುಗಳು ಹೀಗೆ ಹೋಗುತ್ತಿವೆ ಎಂಬುದು ಅವರ ಅಂದಾಜು.

ಆ ದಾಖಲೆಗಳ ಒಂದು ಕಾಲಂ ನನ್ನ ಮನಸ್ಸಿನಿಂದ ಸರಿಯುವುದೇ ಇಲ್ಲ. ಶಿಶು ಸತ್ತದ್ದು ಯಾತರಿಂದ ಎಂದು ಗ್ರಾಮ ಆರೋಗ್ಯ ದಾದಿ ಬರೆಯಬೇಕಾದ ಜಾಗ ಅದು. ಉಸಿರುಗಟ್ಟಿ, ಕಡಿಮೆ ತೂಕ, ನಂಜು ಎಂಬ ಸಾಲುಗಳ ನಡುವೆ ‘ಸಾಮಾಜಿಕ ಕಾರಣ’ ಎಂದು ಬರೆದಿರುತ್ತಿತ್ತು. ಹತ್ತು ದಿನದ ಹಿಂದೆ ತಾನೇ ತೂಕ ನೋಡಿದ ಮಗು ಹೇಗೆ ಹೋಯಿತೆಂದು ಆಕೆಗೆ ಗೊತ್ತು. ನೇರವಾಗಿ ಬರೆದರೆ ಪೊಲೀಸು, ಊರಿನ ವೈರ, ನಾಳೆ ಅದೇ ಮನೆಯ ಬಾಗಿಲು ಮುಚ್ಚುವ ಭಯ. ಬರೆಯದೆ ಬಿಟ್ಟರೆ ಮನಸ್ಸು ಒಪ್ಪದು. ಈ ಎರಡರ ನಡುವೆ ಆಕೆ ಕಂಡುಕೊಂಡ ಎರಡು ಪದ ಅವು. ಅವನ್ನು ಒಟ್ಟು ಮಾಡಿ ಎಣಿಸಿದಾಗಲೇ ಸರ್ಕಾರಕ್ಕೆ ಪಿಡುಗಿನ ನಿಜವಾದ ಗಾತ್ರ ಗೊತ್ತಾದದ್ದು. ಊರಿನ ಮಧ್ಯೆ ಬದುಕುವ ಒಬ್ಬ ಹೆಂಗಸು ಪ್ರಾಮಾಣಿಕವಾಗಿ ಬರೆದಿಟ್ಟದ್ದಕ್ಕೆ ಯಾವ ರಾಷ್ಟ್ರೀಯ ಪ್ರಶ್ನಾವಳಿಯೂ ಸಾಟಿಯಲ್ಲ.

ಇದೇ ಹೊತ್ತಿಗೆ ರಾಜ್ಯವು 1996ರಿಂದ ಹುಟ್ಟು ಸಾವುಗಳ ದೊಡ್ಡ ಮನೆಮನೆ ಸಮೀಕ್ಷೆಗಳನ್ನು ನಡೆಸಿತು. ಡೆನ್ಮಾರ್ಕ್ ಸರ್ಕಾರದ ನೆರವಿನ ಆರೋಗ್ಯ ಯೋಜನೆಯ ಆಶ್ರಯದಲ್ಲಿ 1998ರಲ್ಲಿ ಧರ್ಮಪುರಿಯ ಹಳ್ಳಿಗಳಿಗೆ ಬೀದಿ ನಾಟಕದ ಕಲಾಜಾಥಾ ಹೊರಟಿತು. ಯಾವ ಒಕ್ಕಲುಗಳಲ್ಲಿ, ಎಷ್ಟನೆಯ ಹೆಣ್ಣು ಮಗುವಿಗೆ ಅಪಾಯ ಹೆಚ್ಚು ಎಂಬುದು ಗೊತ್ತಿದ್ದುದರಿಂದ ನಾಟಕ ಹೋಗಬೇಕಾದ ಊರಿಗೇ ಹೋಯಿತು. ತೊಟ್ಟಿಲು ಯೋಜನೆ 2001ರಲ್ಲಿ ಧರ್ಮಪುರಿಗೂ ಬಂತು. ಮಗುವನ್ನು ಬಿಟ್ಟು ಹೋಗುವುದಕ್ಕೆ ಸರ್ಕಾರವೇ ದಾರಿ ಮಾಡಿಕೊಟ್ಟಂತಾಯಿತು, ವರದಕ್ಷಿಣೆಯ ಬೇರಿಗೆ ಕೈ ಹಾಕಲಿಲ್ಲ ಎಂಬ ಟೀಕೆ ಬಂದದ್ದು ನ್ಯಾಯವೇ. ಉಳಿದ ಜೀವಗಳೂ ಅಷ್ಟೇ ನಿಜ.

ಮುಂದೆ ಸಂಶೋಧಕರಾದ ಶಾರದಾ ಶ್ರೀನಿವಾಸನ್ ಮತ್ತು ಅರ್ಜುನ್ ಬೇಡಿ ರಾಜ್ಯದ ಆ ಮನೆಮನೆ ಸಮೀಕ್ಷೆಗಳನ್ನು ಆಧರಿಸಿ 2008ರಲ್ಲಿ ಎರಡು ಅನುಪಾತಗಳನ್ನು ಬೇರೆ ಬೇರೆ ನೋಡಬೇಕೆಂದು ತೋರಿಸಿದರು. ಹುಟ್ಟುವಾಗಿನ ಲಿಂಗಾನುಪಾತ ಒಂದು, ಹುಟ್ಟಿದ ಮೇಲಿನ ಶಿಶುಮರಣದ ಅನುಪಾತ ಇನ್ನೊಂದು. ಮೊದಲನೆಯದು ಕೆಟ್ಟಿದ್ದರೆ ಕೊಲೆ ನಡೆಯುತ್ತಿರುವುದು ಸ್ಕ್ಯಾನಿಂಗ್ ಕೋಣೆಯಲ್ಲಿ, ಮದ್ದು ಇರುವುದು ಕಾನೂನಿನಲ್ಲಿ. ಎರಡನೆಯದು ಕೆಟ್ಟಿದ್ದರೆ ಮದ್ದು ಇರುವುದು ಬಾಣಂತಿಯ ಮನೆಗೆ ಪದೇಪದೇ ಹೋಗುವ ದಾದಿಯ ಕಾಲಿನಲ್ಲಿ. ಎರಡನ್ನೂ ಕಲಸಿದ ಒಂದೇ ಅಂಕಿ ಇಟ್ಟುಕೊಂಡರೆ ಯಾವ ಕೆಲಸಕ್ಕೆ ಹಣ ಇಡಬೇಕೆಂದೇ ಗೊತ್ತಾಗುವುದಿಲ್ಲ.

2001ರ ಜನಗಣತಿಯಲ್ಲಿ ಸೇಲಂನ ಮಕ್ಕಳ ಲಿಂಗಾನುಪಾತ 851. ಕೃಷ್ಣಗಿರಿಯ ಭಾಗವನ್ನು ಬೇರ್ಪಡಿಸಿ ಲೆಕ್ಕ ಹಾಕಿದಾಗ ಧರ್ಮಪುರಿಯದು 826, ಅಂದರೆ ಸೇಲಂಗಿಂತಲೂ ಕೆಳಗೆ. 2011ರ ಹೊತ್ತಿಗೆ ಎರಡೂ ಜಿಲ್ಲೆಗಳು 910ನ್ನು ದಾಟಿದವು. ದೇಶದ ಸರಾಸರಿ ಅದೇ ಹತ್ತು ವರ್ಷದಲ್ಲಿ 927ರಿಂದ 919ಕ್ಕೆ ಕುಸಿದಿತ್ತು. ಇಡೀ ದೇಶ ಇಳಿಯುತ್ತಿದ್ದಾಗ ತಮಿಳುನಾಡಿನಲ್ಲಿ ಅತ್ಯಂತ ಕೆಳಗಿದ್ದ ಎರಡು ಜಿಲ್ಲೆಗಳು ಮೇಲೆ ಬಂದದ್ದು ಸಣ್ಣ ಮಾತಲ್ಲ.

ಸಮೀಕ್ಷೆ ಕೊಟ್ಟದ್ದು

ಹಾಗೆಂದು ರಾಷ್ಟ್ರೀಯ ಸಮೀಕ್ಷೆಯನ್ನು ಕಡೆಗಣಿಸಿದರೆ ದೊಡ್ಡ ತಪ್ಪಾಗುತ್ತದೆ. ಇಲಾಖೆ ತನ್ನ ಬಗ್ಗೆ ತಾನೇ ಬರೆಯುವ ಮಾಸಿಕ ವರದಿಗಳಲ್ಲಿ ಸಾಧನೆಯ ಅಂಕಿ ಯಾವಾಗಲೂ ನೂರರ ಹತ್ತಿರವೇ ಇರುತ್ತದೆ. ಅದಕ್ಕೆ ಹೊರಗಿನಿಂದ ಕನ್ನಡಿ ಹಿಡಿಯುವುದು ಸಮೀಕ್ಷೆ. ತಮಿಳುನಾಡಿನಲ್ಲಿ ಎಲ್ಲ ಮೂಲ ಲಸಿಕೆಗಳನ್ನೂ ಪಡೆದ ಮಕ್ಕಳು 1998–99ರಲ್ಲಿ ಶೇ. 89ರಷ್ಟಿದ್ದರು. 2005–06ರಲ್ಲಿ ಅದು ಶೇ. 81ಕ್ಕೆ, 2015–16ರಲ್ಲಿ ಶೇ. 70ಕ್ಕೆ ಬಂತು. ಆರೋಗ್ಯದಲ್ಲಿ ಮಾದರಿ ಎನಿಸಿಕೊಂಡ ರಾಜ್ಯಕ್ಕೆ ಇದು ತಲೆತಗ್ಗಿಸುವ ಮಾತು. ಆದರೆ ಅಂಕಿ ಮುಂದೆ ಬಂದ ಮೇಲೆ ತಪ್ಪಿಹೋದ ಮಕ್ಕಳನ್ನು ಹುಡುಕುವ ಕೆಲಸ ಬಿರುಸಾಯಿತು. 2019–21ರಲ್ಲಿ ಪ್ರಮಾಣ ಮತ್ತೆ ಶೇ. 89ಕ್ಕೆ ಏರಿತು.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಕತೆಯೂ ಹೀಗೇ. ಐದನೆಯ ಸುತ್ತಿನಲ್ಲಿ ತಮಿಳುನಾಡಿನ ಹೆಂಗಸರಲ್ಲಿ ಶೇ. 25, ಗಂಡಸರಲ್ಲಿ ಶೇ. 30ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು. 2020ರಲ್ಲಿ ರಾಜ್ಯವೇ ನಡೆಸಿದ ಸಮೀಕ್ಷೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗವಿರುವವರಲ್ಲಿ ಎಷ್ಟು ಮಂದಿಯದು ಹತೋಟಿಯಲ್ಲಿದೆ ಎಂದು ಕೇಳಿತು. ರಕ್ತದೊತ್ತಡ ಹತೋಟಿಯಲ್ಲಿದ್ದವರು ನೂರಕ್ಕೆ ಏಳೆಂಟು ಮಂದಿ ಮಾತ್ರ. ಆಸ್ಪತ್ರೆಗಳಿಗೇನೂ ಕೊರತೆಯಿರಲಿಲ್ಲ, ಮಾತ್ರೆಯೂ ಉಚಿತ. ಆದರೆ ಕೂಲಿ ಬಿಟ್ಟು ತಿಂಗಳಿಗೊಮ್ಮೆ ಸಾಲಿನಲ್ಲಿ ನಿಲ್ಲಲು ಆಗದವರು ಅರ್ಧಕ್ಕೇ ಕೈಬಿಡುತ್ತಿದ್ದರು. ಮನೆ ಬಾಗಿಲಿಗೇ ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾಯಿತು. ಅಂಕಿ ಯೋಜನೆಗೆ ದಾರಿ ತೋರುವುದೆಂದರೆ ಇದೇ: ಕಾಯಿಲೆ ಎಷ್ಟಿದೆ ಎಂಬಲ್ಲಿಗೆ ನಿಲ್ಲದೆ, ಚಿಕಿತ್ಸೆಯ ಸರಪಳಿ ಎಲ್ಲಿ ಕಡಿದಿದೆ ಎಂದು ಕೇಳುವುದು.

ಒಮ್ಮೊಮ್ಮೆ ಸಮೀಕ್ಷೆಗಳೇ ಪರಸ್ಪರ ಒಪ್ಪುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ರಕ್ತಹೀನತೆ 2015–16ರ ಕುಟುಂಬ ಸಮೀಕ್ಷೆಯಲ್ಲಿ ದೇಶಕ್ಕೆ ಶೇ. 59 ಎಂದು ಬಂತು. 2016–18ರ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದವರಿಗೆ ಅದು ಶೇ. 41. ವಯಸ್ಸಿನ ಗುಂಪಿನಲ್ಲಿ ಚೂರು ವ್ಯತ್ಯಾಸವಿದೆ. ಮುಖ್ಯವಾದದ್ದು, ಮೊದಲನೆಯದು ಬೆರಳಿನ ಹನಿಯನ್ನು ನೋಡಿತ್ತು, ಎರಡನೆಯದು ನರದಿಂದ ತೆಗೆದ ರಕ್ತವನ್ನು. ಕಬ್ಬಿಣದ ಮಾತ್ರೆಗೆ ಎಷ್ಟು ಹಣ, ಊಟಕ್ಕೆ ಎಷ್ಟು ಹಣ ಎಂದು ನಿರ್ಧರಿಸುವವರು ಅಳತೆಯ ಕ್ರಮವನ್ನೂ ತಿಳಿದಿರಬೇಕು.

ಸಮೀಕ್ಷೆಯ ಕಣ್ಣಿಗೆ ಬೀಳದ್ದು

ಧರ್ಮಪುರಿಯ ನೀರನ್ನು ನೋಡಿ. ಅಲ್ಲಿನ ಬಂಡೆಯೊಳಗಿನ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ; ದೊಡ್ಡವರಾದಂತೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಜನಕ್ಕೆ ಇದನ್ನು ವಿವರಿಸಬೇಕಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆ ಕುಡಿಯುವ ನೀರು ಎಲ್ಲಿಂದ ಎಂದು ಕೇಳುತ್ತದೆ. ಕೊಳವೆ ಬಾವಿ ಎಂದರೆ ‘ಸುಧಾರಿತ ಮೂಲ’ ಎಂಬ ಒಳ್ಳೆಯ ಪಟ್ಟಿಗೆ ಸೇರಿಸುತ್ತದೆ. ಕಾಲರಾ, ಭೇದಿಯ ದೃಷ್ಟಿಯಿಂದ ಅದು ಸರಿ. ಧರ್ಮಪುರಿಯ ಮಟ್ಟಿಗೆ ಕಾಯಿಲೆಯ ಮೂಲವೇ ಸಾಧನೆಯ ಅಂಕಿಯಾಗಿ ಕೂತುಬಿಡುತ್ತದೆ. ಅಲ್ಲಿ ಯೋಜನೆ ಮಾಡಲು ನೆರವಾದದ್ದು ಊರೂರಿನ ನೀರಿನ ಪರೀಕ್ಷೆ. ಅದರ ಫಲವಾಗಿ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ ರೂಪುಗೊಂಡು 2013ರಲ್ಲಿ ಧರ್ಮಪುರಿ, ಕೃಷ್ಣಗಿರಿಗಳಿಗೆ ಕಾವೇರಿ ಹರಿಯಿತು. 2008ರಲ್ಲಿ ಕರ್ನಾಟಕದಲ್ಲಿ ಈ ಯೋಜನೆಯ ವಿರುದ್ಧ ದೊಡ್ಡ ಪ್ರತಿಭಟನೆ ನಡೆದದ್ದು ನಮಗೆಲ್ಲ ನೆನಪಿದೆ. ಗಡಿ ಮತ್ತು ನೀರಿನ ಪಾಲಿನ ಆ ಗದ್ದಲದಲ್ಲಿ ಧರ್ಮಪುರಿಯ ಮಗುವಿನ ಹಲ್ಲಿನ ಕಂದು ಗೆರೆ ನಮ್ಮಲ್ಲಿ ಹೆಚ್ಚು ಜನರಿಗೆ ಕಾಣಲಿಲ್ಲ.

ಬೆಟ್ಟದ ಮೇಲಿನವರೂ ಹೀಗೆಯೇ ಮರೆಯಾಗುತ್ತಾರೆ. ಸೇಲಂನ ಯೇರ್ಕಾಡು, ಧರ್ಮಪುರಿಯ ಸಿತ್ತೇರಿಯಂಥ ಕಡೆ ಮಲಯಾಳಿ ಎಂಬ ಗಿರಿಜನರಿದ್ದಾರೆ. ಜಿಲ್ಲೆಯ ಒಟ್ಟು ಮಾದರಿಯಲ್ಲಿ ಅವರ ಮನೆಗಳು ಬೆರಳೆಣಿಕೆ. ವೈದ್ಯ ದಂಪತಿ ರೆಜಿ ಜಾರ್ಜ್, ಲಲಿತಾ ರೆಜಿ 1990ರ ದಶಕದ ಆರಂಭದಲ್ಲಿ ಧರ್ಮಪುರಿಯ ಸಿತ್ತಿಲಿಂಗಿ ಕಣಿವೆಗೆ ಬಂದಾಗ ಅಲ್ಲಿ ಸಾವಿರ ಶಿಶುಗಳಲ್ಲಿ ಸುಮಾರು 150 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅದೇ ಹೊತ್ತಿಗೆ ಮೊದಲ ಕುಟುಂಬ ಸಮೀಕ್ಷೆ ತಮಿಳುನಾಡಿಗೆ ಕೊಟ್ಟ ಅಂಕಿ 68. ಒಂದೇ ರಾಜ್ಯ, ಒಂದೇ ಕಾಲ, ಎರಡು ಪಟ್ಟಿಗೂ ಮೀರಿದ ಅಂತರ. ಅವರು ಗುಡಿಸಲಿನಲ್ಲಿ ಆಸ್ಪತ್ರೆ ಆರಂಭಿಸಿ, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳಿಸಿ, ಆ ಸಾವುಗಳನ್ನು ಬಹುಪಾಲು ನಿಲ್ಲಿಸಿದರು.

ಮುಂದೇನು

ಸೇಲಂ, ಧರ್ಮಪುರಿಗಳ ಈ ಅನುಭವದಿಂದ ಯೋಜನೆ ಮಾಡುವವರು ಕಲಿಯಬೇಕಾದ್ದು ಸ್ಪಷ್ಟವಾಗಿದೆ. ರಾಷ್ಟ್ರೀಯ ಸಮೀಕ್ಷೆ ಪ್ರಶ್ನೆ ಎತ್ತುತ್ತದೆ. ಉತ್ತರವನ್ನು ಊರಿನ ದಾಖಲೆಯಲ್ಲಿ ಹುಡುಕಬೇಕು. ಜಿಲ್ಲೆಯ ಒಂದೇ ಅಂಕಿ ಹಿಡಿದು ಶ್ರೇಯಾಂಕ ಪಟ್ಟಿ ಮಾಡುವ ಚಾಳಿ ನಿಲ್ಲಬೇಕು. ಮೊದಲ ವಾರದ ಶಿಶುಮರಣವನ್ನು ಗಂಡು, ಹೆಣ್ಣು ಬೇರೆ ಮಾಡಿ ಹೋಬಳಿ ಮಟ್ಟದಲ್ಲಿ ಪ್ರತಿ ತಿಂಗಳೂ ನೋಡಬೇಕು. ಗರ್ಭಿಣಿಯ ಸ್ಕ್ಯಾನಿಂಗ್‌ಗೆ ಕಾನೂನು ಕಡ್ಡಾಯ ಮಾಡಿರುವ ನಮೂನೆ ಎಫ್ ಅನ್ನು ಕಡತಕ್ಕೆ ಸೇರಿಸಿ ಮರೆಯದೆ, ಆ ಊರಿನ ಹೆರಿಗೆಗಳ ಜೊತೆ ಹೋಲಿಸಬೇಕು. ನೀರು, ಬೆಟ್ಟದಂಥ ಸ್ಥಳೀಯ ಪ್ರಶ್ನೆಗಳಿಗೆ ಜಿಲ್ಲೆಯೇ ತನ್ನ ಸಣ್ಣ ಸಮೀಕ್ಷೆ ಮಾಡಿಕೊಳ್ಳಲು ಹಣ ಕೊಡಬೇಕು. ತಳಪಾಯವಾದ ಜನಗಣತಿಯಂತೂ ತಡವಾಗಲೇಬಾರದು. 2021ರಲ್ಲಿ ನಡೆಯಬೇಕಿದ್ದದ್ದು 2027ಕ್ಕೆ ಹೋಗಿದೆ. ಅಷ್ಟು ವರ್ಷ ಎಲ್ಲ ಸಮೀಕ್ಷೆಗಳೂ 2011ರ ಪಟ್ಟಿಯನ್ನೇ ನಂಬಿ ಊರುಗಳನ್ನು ಆರಿಸಬೇಕಾಯಿತು.

ಕರ್ನಾಟಕಕ್ಕೆ ಇದು ಪಕ್ಕದ ಮನೆಯ ಪಾಠ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾದಾಗ ನಾವೆಲ್ಲ ಬೆಚ್ಚಿಬಿದ್ದೆವು. ಅದನ್ನು ಹೊರಗೆಡವಿದ್ದು ಪೊಲೀಸರು. ಊರೂರಿನ ಹೆರಿಗೆ ದಾಖಲೆಯನ್ನು ಗಂಡು ಹೆಣ್ಣು ಲೆಕ್ಕ ಹಾಕಿ ಓದುವವರಿದ್ದರೆ ಅನುಮಾನ ಮೊದಲೇ ಮೂಡಬಹುದಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವ ಕೈಗೆ ಭಯವಿರಬಾರದು. ಕೆಟ್ಟ ಅಂಕಿ ಬರೆದ ದಾದಿಗೆ ನೋಟಿಸ್ ಹೋದರೆ ಮುಂದಿನ ತಿಂಗಳಿನಿಂದ ಒಳ್ಳೆಯ ಅಂಕಿ ಬರುತ್ತದೆ, ಊರು ಹಾಗೇ ಇರುತ್ತದೆ. ಸೇಲಂ, ಧರ್ಮಪುರಿಯ ಹೆಣ್ಣು ಮಕ್ಕಳ ಉಳಿವು ಆರಂಭವಾದದ್ದು ಯಾರೋ ಒಬ್ಬಳು ‘ಸಾಮಾಜಿಕ ಕಾರಣ’ ಎಂದು ಬರೆದು, ಆ ಸಾಲನ್ನು ಯಾರೋ ಒಬ್ಬರು ಮೇಲೆ ಕುಳಿತು ಓದಿದ ದಿನದಿಂದ. ಆ ಎರಡು ಪದ ಬರೆದವಳ ಕಷ್ಟವನ್ನು ನಾವು ಗೌರವಿಸುವುದಾದರೆ, ಮುಂದೆ ಹಾಗೆ ಬರೆಯಬೇಕಾದವಳು ಅಂಜದೆ ಬರೆಯುವಂತೆ, ಬರೆದದ್ದನ್ನು ಅದೇ ವಾರ ಒಬ್ಬರು ಓದುವಂತೆ ನೋಡಿಕೊಳ್ಳಬೇಕು.